ಟವೆಲ್ ಯಾರ ಕೈಯಲ್ಲಿರಬೇಕು?

ಪ್ರಶ್ನೆ: ನನಗೆ 20 ವರ್ಷ. ಒಂಬತ್ತನೇ ವಯಸ್ಸಿನಿಂದ ಅಪ್ಪನೇ ನನ್ನ ಬಾಕ್ಸಿಂಗ್ ಕೋಚ್. ಅವರೂ ಆಡಿದವರು, ಆದರೆ ದೊಡ್ಡ ಮಟ್ಟಕ್ಕೆ ಹೋಗಲಾಗಲಿಲ್ಲ. ನನಗೋಸ್ಕರ ಕೆಲಸ ಬಿಟ್ಟರು. ಈ ವರ್ಷ ಸತತ ಎರಡು ಪಂದ್ಯ ಸೋತೆ. ಎರಡರಲ್ಲೂ ನಾನು ಜ್ಯಾಬ್ (ಮುಂದಿನ ಕೈಯಿಂದ ನೇರವಾಗಿ ಕೊಡುವ ಏಟು) ಹೊಡೆದು ಕೈ ವಾಪಸ್ ತರುವಾಗ ಎದುರಾಳಿಯ ಬಲಗೈ ಏಟು ಮೇಲಿಂದ ಬಂದು ಬಿತ್ತು. ‘ನಿನಗೆ ಗಮನ ಇಲ್ಲ’ ಅಂತಾರೆ ಅಪ್ಪ. ಅವರಿಗೆ ಭುಜದ ನೋವು, ಕೈ ಮೇಲೆತ್ತಲು ಕಷ್ಟ. ಆದರೂ ನಾನು ಹೊಡೆದು ಅಭ್ಯಾಸ ಮಾಡಲು ದಿನಾ ಕೈಯಲ್ಲಿ ಪ್ಯಾಡ್ ಹಿಡಿಯುತ್ತಾರೆ. ಇನ್ನೊಂದು ಜಿಮ್‌ನ ಕೋಚ್ ‘ನನ್ನ ಹತ್ತಿರ ಬಾ’ ಎಂದಿದ್ದಾರೆ. ಅಪ್ಪನಿಗೆ ಹೇಳುವ ಧೈರ್ಯ ಇಲ್ಲ. ಯಾರಿಗೂ ಹೇಳದ ವಿಷಯ ಒಂದಿದೆ. ಎರಡು ವಾರದಿಂದ ಜೋರು ಸ್ಪಾರಿಂಗ್ (ಜೊತೆಗಾರರೊಂದಿಗೆ ಅಭ್ಯಾಸದ ಹೊಡೆದಾಟ) ಆದ ಮೇಲೆ ತಲೆ ನೋಯುತ್ತದೆ. ಗೊತ್ತಾದರೆ ಅಪ್ಪ ಕುಸಿದುಹೋಗುತ್ತಾರೆ ಅಂತ ಸುಮ್ನಿದ್ದೇನೆ. ಅವರನ್ನು ಕೋಚ್ ಆಗಿ ಉಳಿಸಿಕೊಳ್ಳಲಾ, ಬಿಡಲಾ?
— ಹೆಸರು ಬೇಡ

ಉತ್ತರ: ನಿಮ್ಮ ಪತ್ರದ ಕೊನೆಯಲ್ಲಿರುವುದಕ್ಕೆ ಮೊದಲು ಉತ್ತರ ಹೇಳುತ್ತೇನೆ. ಇವತ್ತಿನಿಂದ ಸ್ಪಾರಿಂಗ್ ಬಂದ್. ನಾಳೆಯೇ ವೈದ್ಯರ ಹತ್ತಿರ ಹೋಗಿ, ಸಾಧ್ಯವಾದರೆ ನರರೋಗ ತಜ್ಞರ ಹತ್ತಿರವೇ. ತಲೆಗೆ ಏಟು ಬಿದ್ದದ್ದು, ಯಾವಾಗಿನಿಂದ ನೋವು, ವಾಂತಿ ಬಂದ ಹಾಗೆ ಆಗುತ್ತಾ, ಬೆಳಕು ಕಂಡರೆ ಕಿರಿಕಿರಿಯಾ, ನಿದ್ದೆ ಹೇಗಿದೆ, ಮರೆವು ಇದೆಯಾ, ಎಲ್ಲವನ್ನೂ ಬಿಚ್ಚಿ ಹೇಳಿ. ಒಂದು ಏಟಿನಿಂದ ಮಿದುಳು ಚೇತರಿಸಿಕೊಳ್ಳುವ ಮೊದಲೇ ಇನ್ನೊಂದು ಏಟು ಬಿದ್ದರೆ ಪ್ರಾಣಕ್ಕೇ ಅಪಾಯ ಆಗಬಹುದು. ಎರಡನೆಯ ಏಟು ಜೋರಾಗಿಯೇ ಇರಬೇಕೆಂದೇನೂ ಇಲ್ಲ. ಅಮೆಚೂರ್ (ವೃತ್ತಿಪರವಲ್ಲದ) ಬಾಕ್ಸಿಂಗ್‌ನಲ್ಲಿ ತಲೆಗೆ ಬಿದ್ದ ಏಟಿನಿಂದ ಪಂದ್ಯ ನಿಂತರೆ ಕನಿಷ್ಠ 30 ದಿನ ಪಂದ್ಯವೂ ಇಲ್ಲ, ಸ್ಪಾರಿಂಗೂ ಇಲ್ಲ ಎಂಬ ನಿಯಮ ಸುಮ್ನೆ ಬಂದದ್ದಲ್ಲ. ಜಿಮ್‌ನಲ್ಲಿ ಬಿದ್ದ ಏಟನ್ನು ಲೆಕ್ಕ ಇಡುವವರು ಯಾರೂ ಇರುವುದಿಲ್ಲ. ನೀವೇ ಬಾಯಿ ಬಿಡಬೇಕು.

ಈಗ ನೀವು ಕೇಳಿದ ಪ್ರಶ್ನೆಗೆ ಬರುತ್ತೇನೆ. ನೀವು ‘ಗೊತ್ತಾದರೆ ಅಪ್ಪ ಕುಸಿದುಹೋಗುತ್ತಾರೆ’ ಎಂದು ಬರೆದಿದ್ದೀರಿ. ಬೇರೆ ಯಾವ ಕೋಚ್ ಬಗ್ಗೆಯೂ ಹೀಗೆ ಬರೆಯುತ್ತಿರಲಿಲ್ಲ, ಅಲ್ವಾ? ಕೋಚ್‌ಗೆ ತಲೆನೋವು ಅಂತ ಹೇಳಿದರೆ ಅವರು ಸ್ಪಾರಿಂಗ್ ನಿಲ್ಲಿಸುತ್ತಾರೆ, ಬೈಯುತ್ತಾರೆ, ಡಾಕ್ಟರ್ ಹತ್ತಿರ ಕಳಿಸುತ್ತಾರೆ. ಅಲ್ಲಿಗೆ ಮುಗಿಯಿತು. ಅಪ್ಪನಿಗೆ ಹೇಳುವುದು ಅಷ್ಟು ಸಲೀಸಲ್ಲ. ಅವರು ಬಿಟ್ಟ ಕೆಲಸ, ಕಳೆದ ಹನ್ನೊಂದು ವರ್ಷ, ರಾತ್ರಿ ಅವರಿಗೆ ನಿದ್ದೆ ಬಾರದಿರುವುದು, ಇವೆಲ್ಲ ಆ ಒಂದು ಮಾತಿಗೆ ಅಡ್ಡ ನಿಲ್ಲುತ್ತವೆ. ತಂದೆ ತಾಯಿ ಕೋಚ್ ಆದಾಗ ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಹೆದರಿಸುವುದು ಇದೇ. ಅವರು ಹೆಚ್ಚು ಬೈಯುತ್ತಾರೆ, ತಾಂತ್ರಿಕವಾಗಿ ಹಿಂದಿದ್ದಾರೆ, ಇದೆಲ್ಲ ಆಮೇಲಿನ ಮಾತು. ಮೈಗೆ ಆದದ್ದನ್ನು ಮಕ್ಕಳು ಅವರಿಗೆ ಹೇಳುವುದಿಲ್ಲ. ಪ್ರೀತಿ ಇರುವ ಮನೆಯಲ್ಲಿ ಇನ್ನೂ ಹೇಳುವುದಿಲ್ಲ.

ಅಪ್ಪ ಅಂದರೆ ಮಗನನ್ನು ಕಾಪಾಡಿಯೇ ಕಾಪಾಡುತ್ತಾರೆ ಎಂದು ಜನ ನಂಬುತ್ತಾರೆ. ಒಮ್ಮೊಮ್ಮೆ ಅದು ನಿಜ. 2001ರ ಸೆಪ್ಟೆಂಬರ್ 29ರಂದು ನ್ಯೂಯಾರ್ಕ್‌ನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬಾಕ್ಸರ್ ಫೆಲಿಕ್ಸ್ ಟ್ರಿನಿಡಾಡ್, ಬರ್ನಾರ್ಡ್ ಹಾಪ್ಕಿನ್ಸ್ ವಿರುದ್ಧ ಆಡಿದರು. ಅಲ್ಲಿವರೆಗೆ ಟ್ರಿನಿಡಾಡ್ ಒಂದೂ ಪಂದ್ಯ ಸೋತಿರಲಿಲ್ಲ. ಹನ್ನೆರಡನೇ ರೌಂಡ್, ಅಂದರೆ ಕೊನೆಯ ರೌಂಡ್‌ನಲ್ಲಿ ಹಾಪ್ಕಿನ್ಸ್ ಏಟಿಗೆ ಕೆಳಗೆ ಬಿದ್ದರು. ಎದ್ದು ನಿಂತರು. ಆದರೆ ಅವರ ಕೋಚ್ ರಿಂಗ್ ಒಳಗೆ ನಡೆದು ಬಂದು ಪಂದ್ಯ ನಿಲ್ಲಿಸಿಬಿಟ್ಟರು. ಆ ಕೋಚ್ ಅವರ ತಂದೆ, ಅವರ ಹೆಸರೂ ಫೆಲಿಕ್ಸ್ ಟ್ರಿನಿಡಾಡ್. ಉಳಿದದ್ದು ಎರಡು ನಿಮಿಷಕ್ಕೂ ಕಡಿಮೆ. ಬೇರೆಯವರಾಗಿದ್ದರೆ ‘ಇನ್ನೇನು ಮುಗಿಯುತ್ತದೆ, ನಿಂತುಕೊಂಡಿರಲಿ’ ಎನ್ನುತ್ತಿದ್ದರೇನೋ. ಆ ತಂದೆ ಹಾಗೆ ಅನ್ನಲಿಲ್ಲ. ಮಗನ ಮೊದಲ ಸೋಲಿಗೆ ತಾವೇ ಸಹಿ ಹಾಕಿದರು.

ಇದಕ್ಕೆ ಪೂರ್ತಿ ಉಲ್ಟಾ ಕಥೆಯೂ ಇದೆ. ಬಾಕ್ಸರ್ ಮ್ಯಾನಿ ಪಕಿಯಾವೊ ಅವರ ಕೋಚ್ ಆಗಿ ಹೆಸರು ಮಾಡಿದ ಫ್ರೆಡ್ಡಿ ರೋಚ್ ತಾವೂ ಬಾಕ್ಸರ್ ಆಗಿದ್ದವರು. ಅವರ ಕೋಚ್ ಎಡ್ಡಿ ಫಚ್, ಆ ಕಾಲದ ದೊಡ್ಡ ಹೆಸರು. ರೋಚ್ ಸೋಲತೊಡಗಿದಾಗ ‘ಸಾಕು, ನಿಲ್ಲಿಸು’ ಎಂದರು ಫಚ್. ರೋಚ್ ಕೇಳಲಿಲ್ಲ. ತಂದೆಯನ್ನು ಕೋಚ್ ಮಾಡಿಕೊಂಡು ಆಟ ಮುಂದುವರಿಸಿದರು. ಆಮೇಲಿನ ಪಂದ್ಯಗಳಲ್ಲಿ ಸೋತದ್ದೇ ಜಾಸ್ತಿ. 1986ರಲ್ಲಿ, 26ನೇ ವಯಸ್ಸಿಗೆ ಆಟ ನಿಲ್ಲಿಸಿದರು. ಮುಂದೆ ಅವರಿಗೆ ಪಾರ್ಕಿನ್ಸನ್ ಕಾಯಿಲೆ ಬಂತು. ಇಲ್ಲಿ ನಿಲ್ಲಿಸು ಎಂದದ್ದು ಹೊರಗಿನವರು. ಜೊತೆಗೆ ನಿಂತು ಆಡಿಸಿದ್ದು ಅಪ್ಪ.

ಇದೇ ಫಚ್ 1975ರ ಅಕ್ಟೋಬರ್ 1ರಂದು ಮನಿಲಾದಲ್ಲಿ ಜೋ ಫ್ರೇಜಿಯರ್ ಕಾರ್ನರ್‌ನಲ್ಲಿದ್ದರು, ಅಂದರೆ ರೌಂಡ್‌ಗಳ ನಡುವೆ ಬಾಕ್ಸರ್ ಬಂದು ಕೂರುವ ರಿಂಗ್ ಮೂಲೆಯಲ್ಲಿ. ಎದುರಿಗೆ ಮುಹಮ್ಮದ್ ಅಲಿ. ಹದಿನಾಲ್ಕು ರೌಂಡ್ ಮುಗಿದಿತ್ತು, ಉಳಿದದ್ದು ಒಂದೇ. ಫ್ರೇಜಿಯರ್ ಕಣ್ಣು ಊದಿ ಮುಚ್ಚಿಕೊಂಡಿತ್ತು, ಎದುರಾಳಿಯ ಬಲಗೈ ಕಾಣುತ್ತಿರಲಿಲ್ಲ. ಫ್ರೇಜಿಯರ್ ಬೇಡ ಬೇಡ ಎಂದರೂ ಫಚ್ ಪಂದ್ಯ ನಿಲ್ಲಿಸಿದರು. ಅವರು ಫ್ರೇಜಿಯರ್‌ಗೆ ಅಪ್ಪ ಅಲ್ಲ. ಆದರೂ ಆ ಹೊತ್ತಿನಲ್ಲಿ ಒಬ್ಬ ಅಪ್ಪ ಮಾಡಬೇಕಾದ್ದನ್ನೇ ಮಾಡಿದರು.

ಹಾಗಾಗಿ ‘ಅಪ್ಪ ಒಳ್ಳೆಯ ಕೋಚಾ, ಹೊರಗಿನವರು ಒಳ್ಳೆಯ ಕೋಚಾ’ ಎಂದು ಯೋಚಿಸುತ್ತಾ ಕೂತರೆ ಉತ್ತರ ಸಿಗುವುದಿಲ್ಲ. ನಿಮ್ಮನ್ನು ನೀವೇ ಎರಡು ಮಾತು ಕೇಳಿಕೊಳ್ಳಿ. ನನಗೆ ಏಟಾಗಿದೆ ಎಂದು ಇವರಿಗೆ ಹೇಳಲು ನನ್ನಿಂದ ಆಗುತ್ತಾ? ಸಾಕು ಎಂದು ನನಗೆ ಹೇಳಲು ಇವರಿಂದ ಆಗುತ್ತಾ? ಎರಡಕ್ಕೂ ಹೌದು ಅಂತಾದರೆ ಅಪ್ಪನನ್ನು ಬಿಡುವ ಅಗತ್ಯವೇ ಇಲ್ಲ. ಮೊದಲನೆಯದಕ್ಕೆ ‘ಇಲ್ಲ’ ಎಂದು ನಿಮ್ಮ ಪತ್ರವೇ ಹೇಳುತ್ತಿದೆ. ಎರಡನೆಯದು ನನಗೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತು.

ಈ ಎರಡನೆಯದು ಯಾಕೆ ಅಷ್ಟು ಕಷ್ಟ ಅಂದರೆ, ಕಾರ್ನರ್‌ನಲ್ಲಿ ಸಿಗುವುದು ಒಂದೇ ನಿಮಿಷ. ಎಷ್ಟೋ ವರ್ಷ ಆ ಒಂದು ನಿಮಿಷ ನನ್ನ ಕೆಲಸವಾಗಿತ್ತು. ಗಂಟೆ ಹೊಡೆದ ಕೂಡಲೇ ಸ್ಟೂಲ್ ಒಳಗೆ ಹೋಗಬೇಕು. ಹುಡುಗ ಕೂರುತ್ತಾನೆ. ಮೌತ್‌ಗಾರ್ಡ್ ತೆಗೆಯುತ್ತೀರಿ, ತೊಳೆಯುತ್ತೀರಿ. ಮೊದಲ ಹದಿನೈದು ಸೆಕೆಂಡ್ ಮಾತಾಡಬಾರದು, ಅವನು ಉಸಿರು ಎಳೆದುಕೊಳ್ಳಬೇಕು. ಒಂದು ಗುಟುಕು ನೀರು. ಹುಬ್ಬಿನ ಕೆಳಗೆ ಊದಿದ್ದರೆ ತಣ್ಣಗಿನ ಲೋಹದ ತುಂಡನ್ನು ಒತ್ತಿ ಹಿಡಿಯುತ್ತೀರಿ. ಆಮೇಲೆ ಕಣ್ಣು ನೋಡುತ್ತೀರಿ. ಅವನು ನಿಮ್ಮನ್ನು ನೋಡುತ್ತಿದ್ದಾನಾ, ನಿಮ್ಮ ಮೂಲಕ ಹಿಂದಿನ ಗೋಡೆ ನೋಡುತ್ತಿದ್ದಾನಾ? ‘ಯಾವ ರೌಂಡ್ ಇದು?’ ಅಂತ ಕೇಳುತ್ತೀರಿ. ಸರಿಯಾದ ಉತ್ತರ ಎಷ್ಟು ಬೇಗ ಬಂತು ಅನ್ನುವುದೂ ಮುಖ್ಯ. ಆಮೇಲೆ ಒಂದು ಮಾತು ಹೇಳಬಹುದು, ಹೆಚ್ಚೆಂದರೆ ಎರಡು. ‘ಎಡಕ್ಕೆ ಸರಿ. ಹೊಟ್ಟೆಗೆ ಹೊಡಿ.’ ಅಷ್ಟರಲ್ಲಿ ‘ಸೆಕೆಂಡ್ಸ್ ಔಟ್’, ಅಂದರೆ ಕಾರ್ನರ್‌ನವರು ರಿಂಗ್‌ನಿಂದ ಹೊರಗೆ ಎಂಬ ಕೂಗು.

ಈ ಒಂದು ನಿಮಿಷದಲ್ಲಿ ಅಪ್ಪ ಏನು ನೋಡುತ್ತಾರೆ? ಒಬ್ಬ ಅಪ್ಪ ರಕ್ತ ಕಂಡು ಕೈ ನಡುಗಿಸಿಕೊಂಡು ಕೋಚ್ ಮಾಡಬೇಕಾದ ಕೆಲಸವನ್ನೇ ಮರೆಯಬಹುದು. ಇನ್ನೊಬ್ಬರಿಗೆ ತಮ್ಮ ಮಗ ಗಟ್ಟಿ ಎಂಬ ನಂಬಿಕೆ ಎಷ್ಟು ಬಲವಾಗಿರುತ್ತದೆ ಅಂದರೆ, ಎದುರಿಗಿರುವ ಕಣ್ಣು ಮಂಜಾಗಿದ್ದರೂ ಕಾಣುವುದಿಲ್ಲ. ಇಬ್ಬರನ್ನೂ ನಾನು ನೋಡಿದ್ದೇನೆ. ಇಬ್ಬರೂ ಮಗನನ್ನು ಜೀವಕ್ಕಿಂತ ಹೆಚ್ಚಾಗಿ ಪ್ರೀತಿಸಿದವರೇ.

ನನ್ನ ಮಗನೂ ಕೆಲವು ವರ್ಷ ಬಾಕ್ಸಿಂಗ್ ಮಾಡಿದ. ಗ್ಲೌಸ್ ಕಟ್ಟುವುದು, ಕಾಲಿಡುವುದು, ಜ್ಯಾಬ್, ಇಷ್ಟನ್ನು ನಾನೇ ಕಲಿಸಿದೆ. ಪಂದ್ಯಕ್ಕೆ ಇಳಿಯುವ ವಯಸ್ಸು ಬಂದಾಗ ನನ್ನ ಜೊತೆ ಕೆಲಸ ಮಾಡುತ್ತಿದ್ದ ಕೋಚ್ ಒಬ್ಬರಿಗೆ ಒಪ್ಪಿಸಿದೆ. ಅವನ ಕಾರ್ನರ್‌ನಲ್ಲಿ ನಾನು ಒಮ್ಮೆಯೂ ನಿಲ್ಲಲಿಲ್ಲ. ಬೇರೆಯವರ ಮಕ್ಕಳ ಕಣ್ಣನ್ನು ನಾನು ಸರಿಯಾಗಿ ಓದುತ್ತೇನೆ. ನನ್ನ ಮಗನ ಕಣ್ಣಲ್ಲಿ ನನಗೆ ಬೇಕಾದದ್ದನ್ನೇ ಓದುತ್ತೇನೆ ಅಂತ ಗೊತ್ತಿತ್ತು. ಇದು ನನ್ನ ವಿಷಯ. ಎಲ್ಲರೂ ನನ್ನ ಹಾಗೇ ಎಂದು ನಾನು ಹೇಳುವುದಿಲ್ಲ.

ಯಾಕೆಂದರೆ ಅಪ್ಪನ ಜೊತೆ ಕೊನೆವರೆಗೂ ಗೆದ್ದವರಿದ್ದಾರೆ. ವೇಲ್ಸ್‌ನ ಜೋ ಕಾಲ್ಜಾಗೆ 46 ಪಂದ್ಯ ಆಡಿ 46ನ್ನೂ ಗೆದ್ದು ನಿವೃತ್ತರಾದರು. ಅವರ ಕೋಚ್ ತಂದೆ ಎನ್ಜೊ. ಅವರು ಸಂಗೀತಗಾರ, ಬಾಕ್ಸರ್ ಅಲ್ಲ. ‘ಈ ಅಪ್ಪನನ್ನು ಬಿಟ್ಟು ದೊಡ್ಡ ಕೋಚ್ ಹಿಡಿ’ ಎಂದು ಜೋಗೆ ಹೇಳಿದವರು ಕಡಿಮೆ ಇರಲಿಲ್ಲ. ಅವರು ಬಿಡಲಿಲ್ಲ. 2007ರಲ್ಲಿ ‘ದಿ ರಿಂಗ್’ ಪತ್ರಿಕೆ ಅದೇ ಎನ್ಜೊ ಅವರನ್ನು ವರ್ಷದ ತರಬೇತುದಾರ ಎಂದು ಆರಿಸಿತು. 2020ರ ಅಕ್ಟೋಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ವಾಸಿಲ್ ಲೊಮಾಚೆಂಕೊ ಮತ್ತು ಟಿಯೊಫಿಮೊ ಲೋಪೆಜ್ ಎದುರಾದರು. ಎರಡೂ ಕಾರ್ನರ್‌ನಲ್ಲಿ ಅಪ್ಪಂದಿರೇ ಇದ್ದರು. ಲೋಪೆಜ್ ಗೆದ್ದರು. ಅಷ್ಟು ದೊಡ್ಡ ಪಂದ್ಯಕ್ಕೆ ಇಬ್ಬರೂ ಅಪ್ಪನ ಕೈಕೆಳಗೆ ಕಲಿತೇ ಬಂದಿದ್ದರು.

ಜಪಾನಿನ ನವೋಯಾ ಇನೊವೆ ಅವರ ವ್ಯವಸ್ಥೆ ನನಗೆ ತುಂಬ ಇಷ್ಟ. ತಂದೆ ಶಿಂಗೊ ಅವರೇ ಚಿಕ್ಕಂದಿನಿಂದ ಕೋಚ್, ಇಂದಿಗೂ. ಮಗ ಎರಡು ತೂಕದ ವಿಭಾಗಗಳಲ್ಲಿ ನಾಲ್ಕೂ ಬೆಲ್ಟ್ (ನಾಲ್ಕು ಪ್ರಮುಖ ಸಂಸ್ಥೆಗಳ ವಿಶ್ವ ಪ್ರಶಸ್ತಿ) ಗೆದ್ದ, ಬ್ಯಾಂಟಮ್‌ವೇಟ್‌ನಲ್ಲಿ 2022ರಲ್ಲಿ, ಸೂಪರ್ ಬ್ಯಾಂಟಮ್‌ವೇಟ್‌ನಲ್ಲಿ 2023ರಲ್ಲಿ. ಆದರೆ ಆ ತಂದೆ ಮಗ ಇಬ್ಬರೂ ಕೆಲಸ ಮಾಡುವುದು ಹಿಡೆಯುಕಿ ಓಹಾಶಿ ಅವರ ಜಿಮ್‌ನಲ್ಲಿ. ಓಹಾಶಿ ಸ್ವತಃ ವಿಶ್ವ ಚಾಂಪಿಯನ್ ಆಗಿದ್ದವರು. ಅಂದರೆ ಅಪ್ಪನ ಪಕ್ಕದಲ್ಲಿ, ಒಂದು ಮೆಟ್ಟಿಲು ಮೇಲೆಯೇ ಎನ್ನಿ, ಆಟ ಬಲ್ಲ ಇನ್ನೊಬ್ಬರಿದ್ದಾರೆ. ನಿಮ್ಮ ಅಪ್ಪನ ಪಕ್ಕದಲ್ಲಿ ಯಾರಿದ್ದಾರೆ? ಪತ್ರದಲ್ಲಿ ಯಾರೂ ಕಾಣಲಿಲ್ಲ. ನೀವು ಮತ್ತು ಅಪ್ಪ, ಅಷ್ಟೇ.

ಬಿಟ್ಟವರೂ ಗೆದ್ದಿದ್ದಾರೆ, ಅದನ್ನೂ ಹೇಳಬೇಕು. ಐರ್ಲೆಂಡಿನ ಕೇಟಿ ಟೇಲರ್ 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಾಗ ಕಾರ್ನರ್‌ನಲ್ಲಿ ತಂದೆ ಪೀಟ್ ಇದ್ದರು. ರಿಯೊ ಒಲಿಂಪಿಕ್ಸ್‌ಗೆ ಮೊದಲು ಅವರಿಬ್ಬರೂ ಬೇರೆಯಾದರು. 2016ರಲ್ಲಿ ಕೇಟಿ ಕ್ವಾರ್ಟರ್ ಫೈನಲ್‌ನಲ್ಲೇ ಸೋತರು. ಅಪ್ಪ ಇಲ್ಲದೆ ಇವಳ ಕಥೆ ಮುಗಿಯಿತು ಎಂದುಕೊಂಡವರಿದ್ದರು. ಅದೇ ವರ್ಷ ಪ್ರೊ (ವೃತ್ತಿಪರ ಬಾಕ್ಸರ್) ಆಗಿ, ಹೊಸ ಕೋಚ್ ರಾಸ್ ಎನಾಮೈಟ್ ಜೊತೆ ಹೊರಟರು. 2019ರಲ್ಲಿ ಲೈಟ್‌ವೇಟ್‌ನ ನಾಲ್ಕೂ ಬೆಲ್ಟ್ ಅವರ ಬಳಿ ಇದ್ದವು. ಫ್ಲಾಯ್ಡ್ ಮೇವೆದರ್ 2000ದಲ್ಲಿ ತಂದೆಯನ್ನು ಕೋಚ್ ಸ್ಥಾನದಿಂದ ತೆಗೆದು ಚಿಕ್ಕಪ್ಪ ರೋಜರ್ ಅವರನ್ನು ಇಟ್ಟುಕೊಂಡರು. ಅಪ್ಪ ಮಗನ ಜಗಳ ಟಿವಿ ಕ್ಯಾಮೆರಾ ಮುಂದೆಯೇ ನಡೆಯಿತು. 2013ರಲ್ಲಿ ಅದೇ ತಂದೆ ಮತ್ತೆ ಕಾರ್ನರ್‌ಗೆ ಬಂದರು. ಅಂದರೆ ಬಿಡುವುದು ಯಾವಾಗಲೂ ಶಾಶ್ವತ ಅಲ್ಲ.

ಇನ್ನು ನಿಮ್ಮ ಜ್ಯಾಬ್. ಇಲ್ಲಿಂದಲೇ ಖಚಿತವಾಗಿ ಹೇಳಲಾರೆ, ಆದರೆ ನಿಮ್ಮ ಪತ್ರ ಓದುವಾಗ ನನ್ನ ಕಣ್ಣು ಅಪ್ಪನ ಭುಜದ ಮೇಲೆ ನಿಂತಿತು. ಭುಜ ನೋಯುವವರು ಪ್ಯಾಡನ್ನು ಮುಖದ ಎತ್ತರಕ್ಕೆ ಹಿಡಿಯುವುದಿಲ್ಲ. ಹಿಡಿದರೂ ಎರಡನೇ ರೌಂಡ್ ಹೊತ್ತಿಗೆ ಅದು ಎದೆಯ ಹತ್ತಿರ ಇಳಿದಿರುತ್ತದೆ. ಎದೆ ಎತ್ತರದ ಗುರಿಗೆ ಹೊಡೆದ ಕೈ ಅದೇ ದಾರಿಯಲ್ಲಿ ವಾಪಸ್ ಬರುತ್ತದೆ. ದಿನಾ ನೂರಾರು ಸಲ ಹೀಗೆ ಮಾಡಿದರೆ ಕೈಗೆ ಅದೇ ದಾರಿ. ಪಂದ್ಯದಲ್ಲಿ ಎಡಗೈ ಎದೆಯ ಹತ್ತಿರ ವಾಪಸ್ ಬರುತ್ತದೆ, ಗಲ್ಲ ಖಾಲಿ ಬಿದ್ದಿರುತ್ತದೆ, ಎದುರಾಳಿ ಮೇಲಿಂದ ಬಲಗೈ ಬಿಡುತ್ತಾನೆ. ಇದರಲ್ಲಿ ‘ಗಮನ ಇಲ್ಲ’ ಎನ್ನುವ ಪ್ರಶ್ನೆಯೇ ಬರುವುದಿಲ್ಲ. ಒಂದು ದಿನ ಫೋನ್ ಅನ್ನು ಪಕ್ಕದಲ್ಲಿ ಇಟ್ಟು ಮೂರು ರೌಂಡ್ ಪ್ಯಾಡ್ ಕೆಲಸ ರೆಕಾರ್ಡ್ ಮಾಡಿ. ಜ್ಯಾಬ್ ತಾಗುವ ಹೊತ್ತಿನಲ್ಲಿ ಪ್ಯಾಡ್ ಎಲ್ಲಿದೆ, ಕೈ ವಾಪಸ್ ಎಲ್ಲಿಗೆ ಬಂತು, ಎರಡನ್ನೂ ನೋಡಿ. ಅಪ್ಪನ ಜೊತೆ ಕೂತು ನೋಡಿ. ಆಟ ಬಲ್ಲವರು ಅವರು, ಒಮ್ಮೆ ನೋಡಿದರೆ ಅವರಿಗೇ ಅರ್ಥವಾಗುತ್ತದೆ. ಆದರೆ ಇದೂ ವೈದ್ಯರು ಸರಿ ಎಂದ ಮೇಲೆ. ಅಲ್ಲಿವರೆಗೆ ಹಳೆಯ ವಿಡಿಯೊ ಇದ್ದರೆ ಅದನ್ನೇ ನೋಡಿ.

ನನ್ನ ಅಭಿಪ್ರಾಯ ಕೇಳಿದ್ದೀರಿ, ಹೇಳುತ್ತೇನೆ. ಅಪ್ಪನನ್ನು ಪೂರ್ತಿ ಬಿಡಬೇಡಿ. ಮುಖ್ಯ ಕೋಚ್ ಸ್ಥಾನದಿಂದ ಮಾತ್ರ ಅವರು ಇಳಿಯಬೇಕು. ಕರೆದ ಆ ಕೋಚ್ ಬಳಿ ಹೋಗಿ, ಆದರೆ ಅಪ್ಪನನ್ನೂ ಕರೆದುಕೊಂಡು ಹೋಗಿ. ಸ್ಪಾರಿಂಗ್ ಯಾವಾಗ, ಯಾರ ಜೊತೆ, ಎಷ್ಟು ರೌಂಡ್, ಇದನ್ನು ತೀರ್ಮಾನಿಸುವುದು ಹೊಸ ಕೋಚ್. ಪಂದ್ಯದಲ್ಲಿ ಟವೆಲ್ ಅವರ ಕೈಯಲ್ಲಿ, ಅಂದರೆ ಅದನ್ನು ರಿಂಗ್‌ಗೆ ಎಸೆದು ಪಂದ್ಯ ನಿಲ್ಲಿಸುವ ತೀರ್ಮಾನ ಅವರದು. ಅಪ್ಪ ಬೇಕಾದರೆ ಎರಡನೇ ಸೆಕೆಂಡ್ (ಕಾರ್ನರ್‌ನ ಸಹಾಯಕ) ಆಗಿ ನಿಲ್ಲಲಿ, ನೀರು ಕೊಡಲಿ, ಸ್ಟೂಲ್ ಇಡಲಿ. ಅವರ ಕಣ್ಣಿಗೆ ಕಂಡದ್ದನ್ನು ಕೋಚ್‌ಗೆ ಹೇಳಲಿ, ನಿಮಗಲ್ಲ. ಒಂದು ನಿಮಿಷದಲ್ಲಿ ಇಬ್ಬರು ಮಾತಾಡಿದರೆ ನಿಮ್ಮ ತಲೆಗೆ ಒಂದೂ ಇಳಿಯುವುದಿಲ್ಲ. ಆ ಹೊಸ ಕೋಚ್ ಹೇಗೆ ಎಂದು ಮೊದಲು ನೋಡಿಕೊಳ್ಳಿ. ಅವರ ಹುಡುಗರಲ್ಲಿ ಯಾರಿಗಾದರೂ ಏಟಾದಾಗ ಎಷ್ಟು ದಿನ ಕೂರಿಸಿದರು ಎಂದು ಆ ಹುಡುಗರನ್ನೇ ಕೇಳಿ. ‘ನಮ್ಮ ಕೋಚ್ ಯಾರನ್ನೂ ಕೂರಿಸಲ್ಲ, ಎಲ್ಲ ಗಟ್ಟಿ’ ಎಂಬ ಉತ್ತರ ಬಂದರೆ ಬಾಗಿಲಿನಿಂದಲೇ ವಾಪಸ್ ಬನ್ನಿ. ಅಂಥವರಿಗಿಂತ ಭುಜ ನೋಯುವ ನಿಮ್ಮ ಅಪ್ಪನೇ ವಾಸಿ.

ಅಪ್ಪನಿಗೆ ಹೇಗೆ ಹೇಳುವುದು? ಜಿಮ್‌ನಲ್ಲಿ ಹೇಳಬೇಡಿ. ಸೋತ ದಿನ ಹೇಳಬೇಡಿ. ಬೇರೆಯವರ ಬಾಯಿಂದ ಹೋಗಲು ಬಿಡಬೇಡಿ, ಅದೊಂದನ್ನು ಅಪ್ಪಂದಿರು ಮರೆಯುವುದಿಲ್ಲ. ತಲೆನೋವಿನಿಂದಲೇ ಶುರು ಮಾಡಿ. ‘ಅಪ್ಪ, ನನಗೆ ತಲೆ ನೋಯುತ್ತಿದೆ. ಎರಡು ವಾರ ಆಯಿತು. ನಿಮಗೆ ಹೇಳಲು ಆಗಲಿಲ್ಲ, ಅದಕ್ಕೇ ಬೇರೆ ಒಬ್ಬರು ಬೇಕು ಅನ್ನಿಸಿತು.’ ಇಷ್ಟು ಸಾಕು. ಅವರು ಕಲಿಸಿದ್ದು ಸರಿಯಿಲ್ಲ ಎಂಬ ಮಾತು ಬೇಡವೇ ಬೇಡ, ಅದು ನಿಜವೂ ಅಲ್ಲ. ಅವರಿಗೆ ನೋವಾಗುತ್ತದೆ. ಒಂದಷ್ಟು ದಿನ ಮಾತು ಬಿಡಬಹುದು. ಅದನ್ನು ತಡೆದುಕೊಳ್ಳಿ. ನಿಮ್ಮ ಮಿದುಳು ಇನ್ನೂ ಐವತ್ತು ಅರವತ್ತು ವರ್ಷ ನಿಮಗೆ ಬೇಕು.

ಮತ್ತೆ, ಮನೆಯಲ್ಲಿ ಬಾಕ್ಸಿಂಗ್ ಮಾತಿಗೆ ಒಂದು ಗಡಿ ಹಾಕಿ. ಕೋಚ್ ಬದಲಾದ ಮೇಲೆ ಅಪ್ಪನ ಜೊತೆ ಮಾತಾಡಲು ಏನೂ ಉಳಿಯಲಿಲ್ಲ ಎಂದು ದುಃಖ ಪಟ್ಟವರನ್ನು ನೋಡಿದ್ದೇನೆ. ಹನ್ನೊಂದು ವರ್ಷ ಒಂದೇ ವಿಷಯ ಮಾತಾಡಿದರೆ ಹಾಗಾಗುತ್ತದೆ. ಬೇರೆ ಏನಾದರೂ ಒಂದನ್ನು ಇಬ್ಬರೂ ಸೇರಿ ಮಾಡಲು ಈಗಲೇ ಶುರು ಮಾಡಿ. ಏನು ಅಂತ ನಾನು ಹೇಳುವುದಿಲ್ಲ, ನಿಮ್ಮಿಬ್ಬರಿಗೇ ಗೊತ್ತು.

ಪ್ರಶ್ನೆ: ನನ್ನ ಮಗಳಿಗೆ 12 ವರ್ಷ. ನಾನೇ ಬಾಕ್ಸಿಂಗ್ ಕಲಿಸುತ್ತಿದ್ದೇನೆ. ನಾನು ಬಾಕ್ಸರ್ ಅಲ್ಲ, ಪುಸ್ತಕ ಮತ್ತು ವಿಡಿಯೊ ನೋಡಿ ಕಲಿತವನು. ಮುಂದುವರಿಸಬಹುದೇ? ಯಾವಾಗ ಬೇರೆಯವರಿಗೆ ಒಪ್ಪಿಸಬೇಕು?
— ಒಬ್ಬ ತಂದೆ

ಉತ್ತರ: ಮುಂದುವರಿಸಿ, ಒಂದು ಷರತ್ತಿನ ಮೇಲೆ. ಎದುರಿಗೆ ನಿಂತು ಒಬ್ಬರಿಗೊಬ್ಬರು ಹೊಡೆದಾಡುವ ಹಂತಕ್ಕೆ ಬಂದ ದಿನ ಒಳ್ಳೆಯ ಜಿಮ್‌ಗೆ ಸೇರಿಸಿ. ಕಾಲು, ಸಮತೋಲನ, ಹಗ್ಗದಾಟ, ನೆರಳಿನ ಜೊತೆ ಬಾಕ್ಸಿಂಗ್, ಚೀಲಕ್ಕೆ ಹೊಡೆಯುವುದು, ಇವನ್ನೆಲ್ಲ ತಾಳ್ಮೆ ಇರುವ ಅಪ್ಪ ಚೆನ್ನಾಗಿಯೇ ಕಲಿಸಬಲ್ಲರು. ಸ್ಪಾರಿಂಗ್ ಹಾಗಲ್ಲ. ಯಾರ ಎದುರು ಯಾರನ್ನು ಬಿಡಬೇಕು, ಯಾವ ಏಟಿಗೆ ನಿಲ್ಲಿಸಬೇಕು ಎನ್ನುವುದು ವಿಡಿಯೊ ನೋಡಿ ಬರುವುದಿಲ್ಲ.

ನಿಖತ್ ಝರೀನ್ ಅವರನ್ನು ಬಾಕ್ಸಿಂಗ್‌ಗೆ ಕರೆತಂದು ಮೊದಲು ತರಬೇತಿ ಕೊಟ್ಟವರು ಅವರ ತಂದೆ. ಆಮೇಲೆ ಮಗಳನ್ನು ದೊಡ್ಡ ಕೋಚ್‌ಗಳಿಗೆ ಒಪ್ಪಿಸಿದರು. 2022ರಲ್ಲಿ ಇಸ್ತಾನ್‌ಬುಲ್‌ನಲ್ಲಿ ಆಕೆ ವಿಶ್ವ ಚಾಂಪಿಯನ್ ಆದರು. ಸರಿಯಾದ ಹೊತ್ತಿಗೆ ಕೈ ಬದಲಾಯಿಸುವುದು ಕೂಡ ಕೋಚ್ ಮಾಡುವ ಕೆಲಸವೇ. ಲೊಮಾಚೆಂಕೊ ವಿಷಯ ಮೇಲೆ ಬಂತಲ್ಲ, ಅವರ ತಂದೆ ಅನಾತೊಲಿ ಹುಡುಗನನ್ನು ಕೆಲವು ವರ್ಷ ಬಾಕ್ಸಿಂಗ್ ಬಿಡಿಸಿ ಉಕ್ರೇನಿನ ಜಾನಪದ ನೃತ್ಯಕ್ಕೆ ಸೇರಿಸಿದ್ದರು. ಆ ಕಾಲ್ಚಳಕ ಎಲ್ಲಿಂದ ಬಂತು ಎಂದು ಇಂದು ಎಲ್ಲರೂ ಮಾತಾಡುತ್ತಾರೆ. ನಿಮ್ಮ ಮಗಳಿಗೂ ಅವಸರ ಇಲ್ಲ. ಹನ್ನೆರಡು ವರ್ಷಕ್ಕೆ ಏಟು ತಿನ್ನುವುದನ್ನು ಕಲಿಯಬೇಕಾಗಿಲ್ಲ.

ಒಂದು ವಿಷಯ ಗಮನಿಸಿ. ಚೀಲಕ್ಕೆ ಹೊಡೆದ ಮೇಲೆ ಅವಳು ಎಲ್ಲಿ ನೋಡುತ್ತಾಳೆ? ತನ್ನ ಕೈ, ಕಾಲು, ಚೀಲ ನೋಡಿದರೆ ಸರಿಯಾಗಿದೆ. ಪ್ರತಿ ಏಟಿಗೂ ನಿಮ್ಮ ಮುಖ ನೋಡುತ್ತಿದ್ದರೆ ಅವಳು ಬಾಕ್ಸಿಂಗ್ ಕಲಿಯುತ್ತಿಲ್ಲ, ನಿಮ್ಮನ್ನು ಮೆಚ್ಚಿಸುವುದನ್ನು ಕಲಿಯುತ್ತಿದ್ದಾಳೆ. ರಿಂಗ್‌ನಲ್ಲಿ ಅರ್ಧ ಸೆಕೆಂಡ್ ಕಾರ್ನರ್ ಕಡೆ ಕಣ್ಣು ಹೋದರೆ ಸಾಕು, ಏಟು ಬಿದ್ದಿರುತ್ತದೆ. ಹಾಗೆ ಕಂಡರೆ ಇನ್ನೂ ಬೇಗ ಒಪ್ಪಿಸಿ. ಅಭ್ಯಾಸಕ್ಕೆ ಹೊರಡುವ ಹೊತ್ತಿಗೇ ದಿನಾ ಹೊಟ್ಟೆನೋವು ಬರುತ್ತಿದ್ದರೂ ಅಷ್ಟೇ. ಒಂದು ತಿಂಗಳು ಬಿಟ್ಟು ನೋಡಿ. ಅವಳಾಗಿಯೇ ಬಂದು ಗ್ಲೌಸ್ ಎಲ್ಲಿ ಎಂದು ಕೇಳಿದರೆ ಮತ್ತೆ ಶುರು ಮಾಡಿ.

ಪ್ರಶ್ನೆ: ಮಗನಿಗೆ ಅವನ ಅಪ್ಪನೇ ಕೋಚ್. ಬಾಕ್ಸಿಂಗ್ ಬಗ್ಗೆ ನನಗೆ ಏನೂ ಗೊತ್ತಿಲ್ಲ ಎಂದು ಇಬ್ಬರೂ ನನ್ನ ಮಾತು ಕೇಳುವುದಿಲ್ಲ. ಹೆದರಿಕೆಯಿಂದ ಪಂದ್ಯ ನೋಡಲೂ ಹೋಗುವುದಿಲ್ಲ. ನಾನು ಮಾಡಬಹುದಾದ್ದು ಏನಾದರೂ ಇದೆಯೇ?
— ಒಬ್ಬ ತಾಯಿ

ಉತ್ತರ: ಇದೆ, ತುಂಬ ಮುಖ್ಯವಾದದ್ದೇ. ಅವನ ಜ್ಯಾಬ್ ಹೇಗಿದೆ ಎಂದು ನಿಮಗೆ ಗೊತ್ತಾಗಬೇಕಿಲ್ಲ. ಅವನು ಹೇಗಿದ್ದಾನೆ ಎಂದು ನಿಮಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಸ್ಪಾರಿಂಗ್ ಆದ ದಿನ ಬೇಗ ಮಲಗಿದನಾ, ಕಾರಣ ಇಲ್ಲದೆ ರೇಗಿದನಾ, ಹೇಳಿದ್ದನ್ನೇ ಮತ್ತೆ ಹೇಳಿದನಾ, ದೀಪ ಆರಿಸು ಎಂದನಾ, ಇದೆಲ್ಲ ಮೊದಲು ಕಾಣುವುದು ಮನೆಯಲ್ಲಿ, ಜಿಮ್‌ನಲ್ಲಲ್ಲ. ಒಂದು ನೋಟ್‌ಬುಕ್ ಇಡಿ. ತಾರೀಕು ಹಾಕಿ ಬರೆಯಿರಿ. ತಲೆಗೆ ಜೋರು ಏಟು ಬಿದ್ದ ದಿನ ಅಪ್ಪನನ್ನೂ ಕೇಳಿ ಅದನ್ನೂ ಬರೆಯಿರಿ. ಮೌತ್‌ಗಾರ್ಡ್ ಅವನ ಹಲ್ಲಿಗೆ ಸರಿಯಾಗಿ ಕೂರುತ್ತದಾ ನೋಡಿ. ವರ್ಷಕ್ಕೊಮ್ಮೆ ವೈದ್ಯರ ತಪಾಸಣೆಗೆ ನೀವೇ ಕರೆದುಕೊಂಡು ಹೋಗಿ, ಆ ನೋಟ್‌ಬುಕ್ ಜೊತೆಗಿರಲಿ. ವೈದ್ಯರು ಕೇಳುವ ಹತ್ತು ಪ್ರಶ್ನೆಗಳಲ್ಲಿ ಎಂಟಕ್ಕೆ ಉತ್ತರ ಅದರಲ್ಲೇ ಸಿಗುತ್ತದೆ.

ಮತ್ತೆ, ಗಂಡನ ಜೊತೆ ಒಂದು ಮಾತು ಮಾಡಿಕೊಳ್ಳಿ. ಪಂದ್ಯ ಇರದ ದಿನ, ಇಬ್ಬರೂ ಶಾಂತವಾಗಿದ್ದಾಗ. ಮಗನ ಮೈ ಸರಿಯಿಲ್ಲ ಎಂದು ನೀವು ಹೇಳಿದ ವಾರ ಸ್ಪಾರಿಂಗ್ ಇಲ್ಲ, ವಾದವೂ ಇಲ್ಲ. ಇಷ್ಟಕ್ಕೆ ಅವರು ಒಪ್ಪದಿದ್ದರೆ ನನಗೆ ಮತ್ತೆ ಬರೆಯಿರಿ. ಆಗ ಪತ್ರದಲ್ಲಿ ಮಗನ ವಯಸ್ಸು, ತೂಕ, ಈವರೆಗೆ ಆಡಿದ ಪಂದ್ಯ ಎಷ್ಟು, ವಾರಕ್ಕೆ ಎಷ್ಟು ರೌಂಡ್ ಸ್ಪಾರಿಂಗ್, ಎಲ್ಲವನ್ನೂ ಬರೆಯಿರಿ. ಯಾರ ಜೊತೆ ಹೇಗೆ ಮಾತಾಡಬೇಕೆಂದು ಸೇರಿ ಯೋಚಿಸೋಣ.